ಕಾರ್ಟೂನ್ ಪಾತ್ರ ಬರೆಯುವುದನ್ನೇ ವೃತ್ತಿ ಮಾಡಿಕೊಳ್ಳಬಹುದೇ?

ಪ್ರಶ್ನೆ: ನಾನು ಶಿಡ್ಲಘಟ್ಟದವಳು. ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದಲ್ಲಿ ಓದುತ್ತಿದ್ದೇನೆ. ಹೈಸ್ಕೂಲಿನಲ್ಲಿದ್ದಾಗ ಡ್ರಾಯಿಂಗ್ ಲೋಯರ್ ಮತ್ತು ಹೈಯರ್ ಪರೀಕ್ಷೆ ಎರಡನ್ನೂ ಪಾಸು ಮಾಡಿದ್ದೇನೆ. ಟಿ.ವಿ. ಕಾರ್ಟೂನುಗಳಿಗೆ ಪಾತ್ರಗಳನ್ನು ರೂಪಿಸುವ ಕ್ಯಾರೆಕ್ಟರ್ ಡಿಸೈನರ್ ಆಗಬೇಕೆಂಬುದು ನನ್ನ ಆಸೆ. ನಮ್ಮ ತಂದೆಯವರಿಗೆ ರೇಷ್ಮೆಗೂಡಿನಿಂದ ನೂಲು ಬಿಚ್ಚುವ ಸಣ್ಣ ಘಟಕವಿದೆ. ‘ಬೊಂಬೆ ಬರೆದರೆ ಯಾರಮ್ಮ ಸಂಬಳ ಕೊಡ್ತಾರೆ’ ಎಂದು ಕೇಳುತ್ತಾರೆ. ಬೆಂಗಳೂರಿನ ಒಂದು ಖಾಸಗಿ ಸಂಸ್ಥೆಯವರು ಒಂದು ವರ್ಷದ ಕೋರ್ಸ್ ಮುಗಿಸಿದರೆ ಕೆಲಸ ಖಂಡಿತ ಎನ್ನುತ್ತಾರೆ, ಆದರೆ ಶುಲ್ಕ ದೊಡ್ಡದು. ಇದು ನಿಜವಾಗಿಯೂ ಒಂದು ವೃತ್ತಿಯೇ? ಏನು ಓದಬೇಕು? ಊರಿನಲ್ಲಿದ್ದುಕೊಂಡೇ ಮಾಡಬಹುದೇ? ನಾನು ಬರೆದ ಪಾತ್ರ ನನ್ನದಾಗಿಯೇ ಉಳಿಯುತ್ತದೆಯೇ? ನನ್ನ ಮೂರು ಚಿತ್ರಗಳನ್ನು ಜೊತೆಗಿಟ್ಟಿದ್ದೇನೆ, ನೋಡಿ ಹೇಳಿ.

ಉತ್ತರ: ನಿಮ್ಮ ತಂದೆಯವರ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಕೇಳಬೇಕಾದ ಪ್ರಶ್ನೆ ಅದೇ. ಬೊಂಬೆ ಬರೆದದ್ದಕ್ಕೆ ಯಾರೂ ಸಂಬಳ ಕೊಡುವುದಿಲ್ಲ. ಒಬ್ಬರು ಬರೆದ ಬೊಂಬೆಯನ್ನು, ಬರೆದವರ ಮುಖವನ್ನೇ ನೋಡಿರದ ಹತ್ತಾರು ಮಂದಿ, ಅದೇ ಮೂಗು ಅದೇ ಮೈಕಟ್ಟು ಉಳಿಸಿಕೊಂಡು, ತಿಂಗಳುಗಟ್ಟಲೆ, ಹೇಳಿದ ದಿನಕ್ಕೆ ಮುಗಿಯುವ ಹಾಗೆ ಓಡಾಡಿಸಲು ಅನುವಾಗುವಂತೆ ಮಾಡಿಕೊಡುವವರಿಗೆ ಸಂಬಳ ಕೊಡುತ್ತಾರೆ. ಅದು ನಿಜವಾದ ವೃತ್ತಿ, ಸ್ಟುಡಿಯೊಗಳಲ್ಲಿ ಅದಕ್ಕೆಂದೇ ಕುರ್ಚಿಗಳಿವೆ. ಆದರೆ ಕುರ್ಚಿಗಳು ಬಹಳ ಕಡಿಮೆ. ಒಂದು ಧಾರಾವಾಹಿಗೆ ಅನಿಮೇಟರುಗಳು, ಹಿನ್ನೆಲೆ ಬರೆಯುವವರು, ಕತೆಯನ್ನು ದೃಶ್ಯದೃಶ್ಯವಾಗಿ ಬರೆದಿಡುವ ಸ್ಟೋರಿಬೋರ್ಡ್ ಕಲಾವಿದರು, ಪಾತ್ರಕ್ಕೆ ಕೀಲು ಕೊಟ್ಟು ರಿಗ್ ಕಟ್ಟುವವರು ಹಲವರು ಬೇಕಾಗುತ್ತಾರೆ, ಪಾತ್ರ ವಿನ್ಯಾಸಕ್ಕೆ ಸಾಮಾನ್ಯವಾಗಿ ಒಬ್ಬರು, ಇಬ್ಬರು ಸಾಕು. ಆದ್ದರಿಂದ ಓದು ಮುಗಿಸಿ ನೇರವಾಗಿ ಆ ಕುರ್ಚಿಯಲ್ಲಿ ಕೂತವರು ಅಪರೂಪ. ಬೇರೆ ವಿಭಾಗದ ಬಾಗಿಲಿನಿಂದ ಒಳಗೆ ಬಂದು, ಕೈ ಪಳಗಿಸಿಕೊಂಡು, ಅಲ್ಲಿಂದ ಆ ಕಡೆಗೆ ಸರಿದವರೇ ಹೆಚ್ಚು.

ನಿಮ್ಮ ಚಿತ್ರಗಳನ್ನು ನೋಡಿದೆ. ಅಜ್ಜಿಯ ಚಿತ್ರದ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಈ ಕೆಲಸ ಏನೆಂಬುದು ಆ ಒಂದು ಹಾಳೆಯಲ್ಲೇ ತಿಳಿಯುತ್ತದೆ. ನೀವು ಬರೆದಿರುವ ಅಜ್ಜಿ ಚೌಕಳಿ ಸೀರೆ ಉಟ್ಟಿದ್ದಾರೆ, ಅಂಚಿನುದ್ದಕ್ಕೂ ಮಾವಿನಕಾಯಿ ಬುಟ್ಟಾ ಇದೆ, ಎರಡೂ ಕೈಗೆ ಸಣ್ಣ ಗಾಜಿನ ಬಳೆಗಳಿವೆ, ಹಣೆಯ ತುಂಬ ಸುಕ್ಕು, ಸೊಂಟದಲ್ಲಿ ಸಿಕ್ಕಿಸಿದ ಎಲೆಅಡಿಕೆ ಚೀಲ, ಹಿಂದೆ ಗೋಡೆಗೆ ಒರಗಿಸಿದ, ರೇಷ್ಮೆಹುಳು ಗೂಡು ಕಟ್ಟುವ ಚಂದ್ರಿಕೆ. ಪತ್ರಿಕೆಯಲ್ಲಿ ಒಂದು ಕತೆಗೆ ಹಾಕಿದರೆ ಇದು ಅಚ್ಚುಕಟ್ಟಾದ ಚಿತ್ರ, ಅದರಲ್ಲಿ ಎರಡು ಮಾತಿಲ್ಲ. ಟಿ.ವಿ. ಕಾರ್ಟೂನಿಗೆ ಮಾತ್ರ ಇದು ಒಗ್ಗುವುದಿಲ್ಲ. ಕಾರಣ ಲೆಕ್ಕದಲ್ಲಿದೆ. ನಮ್ಮ ದೇಶದ ಟಿ.ವಿ. ಪ್ರಸಾರದಲ್ಲಿ ಸೆಕೆಂಡಿಗೆ 25 ಫ್ರೇಮುಗಳು. ಮಕ್ಕಳ ಧಾರಾವಾಹಿಯ ಒಂದು ಕಂತು ಸಾಮಾನ್ಯವಾಗಿ 11 ನಿಮಿಷ, ಎಂದರೆ 16,500 ಫ್ರೇಮು. ಒಂದೊಂದು ಚಿತ್ರವನ್ನು ಎರಡು ಫ್ರೇಮು ನಿಲ್ಲಿಸಿದರೂ 8,250 ಆಗುತ್ತದೆ. ಅಷ್ಟರಲ್ಲಿ ಅಜ್ಜಿ ಕಾಲುಭಾಗ ಕಾಣಿಸಿಕೊಂಡರೂ ಆ ಚೌಕಳಿ, ಆ ಬುಟ್ಟಾ, ಆ ಬಳೆಗಳು ಎರಡು ಸಾವಿರ ಸಲ ಸರಿಯಾದ ಜಾಗದಲ್ಲಿ ಬರಬೇಕು. ಅಜ್ಜಿ ಬಗ್ಗಿದಾಗ ಚೌಕಗಳು ಬಗ್ಗಬೇಕು, ತಿರುಗಿದಾಗ ಮಡಿಕೆಯೊಳಗೆ ಮರೆಯಾಗಬೇಕು. ಇಂದು ಪ್ರತಿ ಫ್ರೇಮನ್ನೂ ಕೈಯಲ್ಲಿ ಬರೆಯುವುದಿಲ್ಲ, ಕಂಪ್ಯೂಟರಿನಲ್ಲಿ ಪಾತ್ರವನ್ನು ತುಂಡುತುಂಡಾಗಿ ಕತ್ತರಿಸಿ, ಕೀಲು ಕೊಟ್ಟು ಆಡಿಸುತ್ತಾರೆ, ಅದಕ್ಕೆ ರಿಗ್ ಎನ್ನುತ್ತೇವೆ. ಆದರೂ ಹೊಸ ಭಂಗಿ ಬಂದಾಗಲೆಲ್ಲ ಹೊಸ ತುಂಡು ಬರೆಯಲೇಬೇಕು. ಒಂದು ಗೆರೆ ಹೆಚ್ಚಾದರೆ ಅದಕ್ಕೆ ಬೆಲೆ ಇದೆ, ಆ ಬೆಲೆ ತೆರುವವರು ನೀವಲ್ಲ, ಕೊನೆಯ ಸಾಲಿನಲ್ಲಿ ಕೂತ ಅನಿಮೇಟರು.

ಹಾಗೆಂದು ಅಜ್ಜಿಯನ್ನು ಬೋಳುಮಾಡಿ ಎಂದು ಹೇಳುತ್ತಿಲ್ಲ. ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂಬ ತೀರ್ಮಾನವೇ ಈ ವೃತ್ತಿ. ಚೌಕಳಿ ಬಿಡಿ, ಒಂದೇ ಬಣ್ಣದ ಸೀರೆ ಸಾಕು. ಬುಟ್ಟಾ ತೆಗೆದು ಅಗಲವಾದ ಒಂದು ಅಂಚು ಕೊಡಿ. ಎಲೆಅಡಿಕೆ ಚೀಲವನ್ನು ಎಂದೂ ಬಿಡಬೇಡಿ, ಇನ್ನೂ ದೊಡ್ಡದು ಮಾಡಿ: ಸೊಂಟದ ಆ ಉಬ್ಬು ಮತ್ತು ಬಾಗಿದ ಬೆನ್ನು ಎರಡು ಸೇರಿದರೆ, ಅಜ್ಜಿಯನ್ನು ಪೂರ್ತಿ ಕಪ್ಪು ಬಳಿದು ನಿಲ್ಲಿಸಿದರೂ ಮಗು ಗುರುತು ಹಿಡಿಯುತ್ತದೆ. ನಾಲ್ಕಾರು ತೆಳು ಬಳೆಗಳ ಬದಲು ಮುಂಗೈಗೆ ಒಂದೇ ದಪ್ಪ ಪಟ್ಟಿಯಂತೆ ಬಳೆ ಕೊಡಿ. ಅದರಿಂದ ಇನ್ನೊಂದು ಲಾಭವಿದೆ, ಮುಂದೆ ಹೇಳುತ್ತೇನೆ. ಇನ್ನು ಚಂದ್ರಿಕೆ. ಬಿದಿರಿನ ಚಾಪೆಯ ಮೇಲೆ ಸುರುಳಿ ಸುತ್ತಿಕೊಂಡು ಹೋಗುವ ಆ ಪಟ್ಟಿಯನ್ನು ನೀವು ಎಷ್ಟು ಶ್ರದ್ಧೆಯಿಂದ ಬರೆದಿದ್ದೀರಿ ಎಂದರೆ, ದಿನಾ ಕಣ್ಣೆದುರು ಇರುವವರಿಗಲ್ಲದೆ ಅದು ಸಾಧ್ಯವಿಲ್ಲ. ಅದು ಅಲುಗಾಡದ ವಸ್ತು, ಹಿನ್ನೆಲೆಗೆ ಸೇರಿದ್ದು. ಹಿನ್ನೆಲೆಯನ್ನು ಒಂದು ಸಲ ಬರೆದರೆ ಮುಗಿಯಿತು, ಅಲ್ಲಿ ಎಷ್ಟು ಕುಸುರಿ ಮಾಡಿದರೂ ಯಾರೂ ಕೇಳುವುದಿಲ್ಲ. ಅಜ್ಜಿ ಅದನ್ನು ಎತ್ತಿಕೊಂಡು ನಡೆಯುವ ದೃಶ್ಯ ಬಂತೆಂದರೆ ಮಾತ್ರ ಅದಕ್ಕೊಂದು ಸರಳ ರೂಪವನ್ನು ಬೇರೆಯಾಗಿ ಮಾಡಿಕೊಡಬೇಕಾಗುತ್ತದೆ.

ಎರಡನೆಯ ಚಿತ್ರದ ಹುಡುಗನ ಬಗ್ಗೆ ಹೆಚ್ಚು ಹೇಳುವುದಿಲ್ಲ; ಅವನ ಕಣ್ಣು, ಕೂದಲು ಎರಡೂ ನೀವು ಟಿ.ವಿ.ಯಲ್ಲಿ ನೋಡಿದವು. ಮೂರನೆಯದು, ನಾಟಿ ಹುಂಜ, ನಿಮ್ಮ ಮೂರರಲ್ಲಿ ಬಹಳ ಮೇಲು. ಎದೆ ಸೆಟೆಸಿ ಒಂದು ಕಾಲೆತ್ತಿ ನಿಂತ ರೀತಿಯಲ್ಲೇ ಅದರ ಜಂಬವೆಲ್ಲ ಬಂದಿದೆ. ಆದರೆ ಮುಂದಿನಿಂದ ಬರೆದಾಗ ಬಾಲದಲ್ಲಿ ಏಳು ಗರಿ, ಪಕ್ಕದಿಂದ ಬರೆದಾಗ ಐದು. ಸ್ಟುಡಿಯೊದಲ್ಲಿ ಇಂಥದ್ದು ದೊಡ್ಡ ತಕರಾರು, ಏಕೆಂದರೆ ಮರುದಿನವೇ ಒಬ್ಬ ಅನಿಮೇಟರು ಏಳು ಹಾಕುತ್ತಾರೆ, ಇನ್ನೊಬ್ಬರು ಐದು ಹಾಕುತ್ತಾರೆ, ತೆರೆಯ ಮೇಲೆ ಗರಿಗಳು ಮಿಣುಕುತ್ತವೆ.

ಗೆರೆ ಮಿತಗೊಳಿಸುವ ಈ ವಿದ್ಯೆ ಬೆಳೆದದ್ದು ಟಿ.ವಿ.ಯ ಬಡತನದಲ್ಲಿ. 1957ರಲ್ಲಿ ಅಮೆರಿಕದ ಎಂಜಿಎಂ ಕಂಪನಿ ತನ್ನ ಕಾರ್ಟೂನ್ ವಿಭಾಗವನ್ನು ಮುಚ್ಚಿದಾಗ, ಅಲ್ಲಿ ಟಾಮ್ ಮತ್ತು ಜೆರ್‍ರಿಯನ್ನು ಮಾಡುತ್ತಿದ್ದ ವಿಲಿಯಂ ಹ್ಯಾನಾ ಮತ್ತು ಜೋಸೆಫ್ ಬಾರ್ಬೆರಾ ತಮ್ಮದೇ ಸ್ಟುಡಿಯೊ ಕಟ್ಟಿ ಟಿ.ವಿ.ಗೆ ಇಳಿದರು. ಚಿತ್ರಮಂದಿರದ ಕಾರ್ಟೂನಿಗೆ ಸಿಗುತ್ತಿದ್ದ ಹಣದಲ್ಲಿ ಒಂದು ಸಣ್ಣ ಪಾಲು ಮಾತ್ರ ಟಿ.ವಿ.ಯವರು ಕೊಡುತ್ತಿದ್ದರು, ಆದರೆ ಕಂತುಗಳು ವಾರವಾರವೂ ಬೇಕು. ಆಗ ಅವರ ಪಾತ್ರಗಳನ್ನು ರೂಪಿಸಿದವರು ಎಡ್ ಬೆನೆಡಿಕ್ಟ್. ಯೋಗಿ ಕರಡಿಯನ್ನು ನೀವು ನೋಡಿರಬಹುದು: ಮೈಮೇಲೆ ಅಂಗಿಯಿಲ್ಲ, ಕೊರಳಿಗೆ ಮಾತ್ರ ಕಾಲರು, ಟೈ. ಅದು ಬರಿಯ ಅಲಂಕಾರವಲ್ಲ. ಕಾಲರು ಇದ್ದರೆ ತಲೆ ಬೇರೆ, ಮೈ ಬೇರೆ ಎಂದು ಎರಡು ಹಾಳೆ ಮಾಡಬಹುದು. ಕರಡಿ ಮಾತಾಡುವಾಗ ಮೈಯ ಹಾಳೆ ಹಾಗೇ ನಿಂತಿರುತ್ತದೆ, ತಲೆಯ ಹಾಳೆಯನ್ನಷ್ಟೇ ಬದಲಿಸುತ್ತಾರೆ, ಎರಡೂ ಕೂಡುವ ಜಾಗವನ್ನು ಕಾಲರು ಮುಚ್ಚಿಡುತ್ತದೆ. ಅಜ್ಜಿಯ ಕೈಗೆ ದಪ್ಪ ಬಳೆ ಹಾಕಿ ಎಂದೆನಲ್ಲ, ಕಾರಣ ಇದೇ. ರಿಗ್ ಕಟ್ಟುವಾಗ ಅಂಗೈ ಒಂದು ತುಂಡು, ಮುಂಗೈ ಒಂದು ತುಂಡು. ಮಣಿಕಟ್ಟಿನ ಬೆಸುಗೆಯನ್ನು ಬಳೆ ಮುಚ್ಚುತ್ತದೆ. ರವಿಕೆಯ ತೋಳಿನ ಅಂಚು ಮೇಲಿನ ತುಂಡಿಗೂ ಅದೇ ಉಪಕಾರ ಮಾಡುತ್ತದೆ. ನಮ್ಮ ಹೆಂಗಸರ ಉಡುಗೆತೊಡುಗೆಯಲ್ಲಿ ಇಂತಹ ಕೂಡುಜಾಗಗಳು ಎಷ್ಟು ಧಾರಾಳವಾಗಿವೆ ಎಂಬುದನ್ನು ಯಾರಾದರೂ ಕೂತು ಬರೆದಿಡಬೇಕು.

ವೃತ್ತಿಜೀವನದ ನಡಿಗೆ ಹೇಗಿರುತ್ತದೆಂದು ತೋರಿಸಲು ಇವಾವೊ ಟಕಮೊಟೊ ಅವರ ಹೆಸರನ್ನು ಹೇಳುತ್ತೇನೆ. 1925ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಹುಟ್ಟಿದ ಜಪಾನಿ ಮೂಲದ ಹುಡುಗ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಪಶ್ಚಿಮ ಕರಾವಳಿಯ ಜಪಾನಿ ಮೂಲದವರನ್ನು ಶಿಬಿರಗಳಲ್ಲಿ ಕೂಡಿಹಾಕಿದಾಗ ಅವರ ಕುಟುಂಬ ಕ್ಯಾಲಿಫೋರ್ನಿಯಾದ ಮಂಜನಾರ್ ಶಿಬಿರ ಸೇರಿತು. ಚಿತ್ರಕಲಾ ಶಾಲೆಯ ಓದಿಲ್ಲ, ಶಿಬಿರದಲ್ಲಿದ್ದ ಇತರ ಕಲಾವಿದರಿಂದ ಕಲಿತದ್ದೇ ವಿದ್ಯೆ. 1945ರಲ್ಲಿ ಡಿಸ್ನಿ ಸ್ಟುಡಿಯೊಗೆ ಸೇರಿ, ಬೇರೆಯವರ ಒರಟು ಗೆರೆಗಳನ್ನು ತಿದ್ದಿ ಶುದ್ಧಮಾಡುವ ಸಹಾಯಕರಾಗಿ ವರ್ಷಗಟ್ಟಲೆ ದುಡಿದರು. 1961ರಲ್ಲಿ ಹ್ಯಾನಾ-ಬಾರ್ಬೆರಾಗೆ ಬಂದರು. 1969ರಲ್ಲಿ ತೆರೆಗೆ ಬಂದ ಸ್ಕೂಬಿ-ಡೂ ನಾಯಿ ಅವರ ಕೈಯದು. ಆ ನಾಯಿ ಗ್ರೇಟ್ ಡೇನ್ ತಳಿಯದಾಗಬೇಕಿತ್ತು. ಸ್ಟುಡಿಯೊದಲ್ಲೇ ಇದ್ದ, ಆ ತಳಿಯ ನಾಯಿಗಳನ್ನು ಸಾಕುವ ಮಹಿಳೆಯೊಬ್ಬರನ್ನು ಅವರು ಹೋಗಿ ಮಾತಾಡಿಸಿದರು. ಒಳ್ಳೆಯ ನಾಯಿಯ ಲಕ್ಷಣಗಳೇನೆಂದು ಆಕೆ ವಿವರಿಸಿದರು: ನೇರ ಬೆನ್ನು, ನೇರ ಕಾಲು, ಹೀಗೆ. ಟಕಮೊಟೊ ಎಲ್ಲವನ್ನೂ ಕೇಳಿಸಿಕೊಂಡು ಬಂದು ಒಂದೊಂದನ್ನೂ ತಿರುಗಾಮುರುಗಾ ಮಾಡಿದರು. ಗೂನು ಬೆನ್ನು ಕೊಟ್ಟರು, ಸೊಟ್ಟ ಕಾಲು ಕೊಟ್ಟರು, ಬಣ್ಣವನ್ನೂ ಬೇರೆ ಮಾಡಿದರು. ಹೆದರುಪುಕ್ಕಲ ನಾಯಿಯೊಂದು ನೆಟ್ಟಗೆ ನಿಂತರೆ ನಂಬುವವರು ಯಾರು? ಇಲ್ಲಿ ಗಮನಿಸಬೇಕಾದದ್ದು ಎರಡು. ವ್ಯಂಗ್ಯವಾಗಿ ಬರೆಯುವ ಮುನ್ನ ಅವರು ಸರಿಯಾದ ನಾಯಿ ಯಾವುದೆಂದು ತಿಳಿದುಕೊಂಡರು. ಮತ್ತೆ, ಆ ಗೆರೆಯ ಹಿಂದೆ ಹೆಸರು ಬಾರದ ಕೆಲಸದ ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿದ್ದವು. 2007ರಲ್ಲಿ ಅವರು ತೀರಿಕೊಂಡಾಗ ಸ್ಕೂಬಿಯನ್ನು ಬಲ್ಲವರಲ್ಲಿ ಅವರ ಹೆಸರು ಬಲ್ಲವರು ಕಡಿಮೆ. ಇದನ್ನು ಬೇಸರದಿಂದ ಹೇಳುತ್ತಿಲ್ಲ. ಈ ಕಸುಬಿಗೆ ಬರುವವರು ಮೊದಲೇ ಒಪ್ಪಿಕೊಂಡು ಬರಬೇಕಾದ ಸಂಗತಿ.

ನಮ್ಮ ಕಡೆಯ ಉದಾಹರಣೆ ಬೇಕೆಂದರೆ ಅನಿಮೇಟರ್ ರಾಮ್ ಮೋಹನ್. 1956ರಲ್ಲಿ ಡಿಸ್ನಿಯ ಕ್ಲೇರ್ ವೀಕ್ಸ್ ಮುಂಬೈಯಲ್ಲಿದ್ದ ಸರ್ಕಾರಿ ಚಿತ್ರಸಂಸ್ಥೆ ಫಿಲ್ಮ್ಸ್ ಡಿವಿಜನ್‌ಗೆ ಬಂದು ತರಬೇತಿ ಕೊಟ್ಟ ಮೊದಲ ತಂಡದಲ್ಲಿದ್ದವರು. 1990ರ ದಶಕದಲ್ಲಿ ಹೆಣ್ಣುಮಕ್ಕಳ ಓದು, ಆರೋಗ್ಯದ ವಿಚಾರವನ್ನು ದಕ್ಷಿಣ ಏಷ್ಯಾದ ಹಳ್ಳಿಗಳಿಗೆ ಮುಟ್ಟಿಸಲು ಯೂನಿಸೆಫ್ ಮೀನಾ ಎಂಬ ಹುಡುಗಿಯ ಪಾತ್ರವನ್ನು ಮಾಡಿಸಿತು, ಅದನ್ನು ರೂಪಿಸಿದ್ದು ಅವರೇ. ತೊಡಕು ಏನೆಂದು ಯೋಚಿಸಿ: ಬಾಂಗ್ಲಾದೇಶ, ಭಾರತ, ನೇಪಾಳ, ಪಾಕಿಸ್ತಾನ, ನಾಲ್ಕೂ ಕಡೆಯ ಮಗು ‘ಇವಳು ನಮ್ಮೂರ ಹುಡುಗಿ’ ಎನ್ನಬೇಕು. ಸೀರೆ ಉಡಿಸಿದರೆ ಒಂದು ಕಡೆಯವಳು, ಸಲ್ವಾರ್ ಹಾಕಿದರೆ ಇನ್ನೊಂದು ಕಡೆಯವಳು. ಉದ್ದ ಲಂಗ, ಮೇಲೊಂದು ಅಂಗಿ ಎಂಬಲ್ಲಿಗೆ ಬಂದು ನಿಂತರು. ಪಾತ್ರದ ಚಿತ್ರಗಳನ್ನು ಆ ದೇಶಗಳ ಹಳ್ಳಿಗಳಿಗೆ ಒಯ್ದು, ಮಕ್ಕಳಿಗೂ ತಾಯಂದಿರಿಗೂ ತೋರಿಸಿ, ಅವರು ಹೇಳಿದ್ದನ್ನು ಕೇಳಿ ತಿದ್ದಿದರು. ನೋಡುವವರ ಮುಂದಿಟ್ಟು ತಿದ್ದುವ ಈ ಪದ್ಧತಿಯನ್ನು ನೀವು ಈಗಲೇ ರೂಢಿಸಿಕೊಳ್ಳಬಹುದು. ನಿಮ್ಮ ಬೀದಿಯ ಅಂಗನವಾಡಿಯ ಮಕ್ಕಳಿಗೆ ಹುಂಜವನ್ನು ತೋರಿಸಿ, ‘ಇದು ಒಳ್ಳೆಯದಾ, ತುಂಟನಾ’ ಎಂದು ಕೇಳಿ ನೋಡಿ.

ಕೆಲಸದ ದಿನಗಳಲ್ಲಿ ನಿಮ್ಮ ಮೇಜಿನಿಂದ ಹೊರಹೋಗುವುದು ಒಂದು ಸುಂದರ ಚಿತ್ರವಲ್ಲ, ಒಂದು ಕಟ್ಟು ಹಾಳೆ. ಪಾತ್ರ ಮುಂದಿನಿಂದ, ಮುಕ್ಕಾಲು ಮಗ್ಗುಲಿನಿಂದ, ಪಕ್ಕದಿಂದ, ಹಿಂದಿನಿಂದ ಹೇಗೆ ಕಾಣುತ್ತದೆಂಬ ಟರ್ನ್‌ಅರೌಂಡ್, ನಗು, ಸಿಟ್ಟು, ಬೆರಗಿನ ಮುಖಭಾವಗಳು, ಕೈಯ ಭಂಗಿಗಳು, ಎಲ್ಲ ಪಾತ್ರಗಳನ್ನೂ ಸಾಲಾಗಿ ನಿಲ್ಲಿಸಿ ಎತ್ತರ ತೋರಿಸುವ ಲೈನ್-ಅಪ್, ಹಗಲಿನ ಬಣ್ಣ, ರಾತ್ರಿಯ ಬಣ್ಣ. ಇವೆಲ್ಲ ಸೇರಿ ಮಾಡೆಲ್ ಶೀಟ್. ತುಟಿ ಚಲನೆಗೆ ಬೇರೆಯೇ ಹಾಳೆ ಇರುತ್ತದೆ: ಪ, ಬ, ಮ ಅಕ್ಷರಗಳಿಗೆ ತುಟಿ ಕೂಡಬೇಕು, ವ ಅಕ್ಷರಕ್ಕೆ ಹಲ್ಲು ಕೆಳತುಟಿಗೆ ತಾಗಬೇಕು, ಆ, ಈ, ಊ, ಓ ಸ್ವರಗಳಿಗೆ ಒಂದೊಂದು ಬಾಯಿ. ಇಲ್ಲೊಂದು ವಿಷಯ ಹೇಳಬೇಕೆನಿಸುತ್ತದೆ. ಕನ್ನಡದ ಮಾತು ಬಹುಮಟ್ಟಿಗೆ ಸ್ವರದಲ್ಲೇ ಮುಗಿಯುತ್ತದೆ, ಆದ್ದರಿಂದ ವಾಕ್ಯದ ಕೊನೆಯಲ್ಲಿ ಬಾಯಿ ತೆರೆದೇ ಇರುತ್ತದೆ. ನಮ್ಮ ಮಕ್ಕಳು ನೋಡುವ ಕಾರ್ಟೂನುಗಳಲ್ಲಿ ಬಹುಪಾಲು ಬೇರೆ ಭಾಷೆಯಿಂದ ಡಬ್ ಆದವು. ಪಾತ್ರ ಬಾಯಿ ಮುಚ್ಚಿದ ಮೇಲೂ ಕೊನೆಯ ‘ಅ’ ಕೇಳಿಸುತ್ತಿರುತ್ತದೆ. ಕನ್ನಡಕ್ಕೆಂದೇ ಪಾತ್ರ ಮಾಡುವ ದಿನ ಬಂದಾಗ ತೆರೆದ ಬಾಯಿಗಳ ಹಾಳೆಯನ್ನು ನಾವು ಚೆನ್ನಾಗಿ ಮಾಡಬೇಕಾದೀತು.

ಗಾತ್ರ, ಬಣ್ಣ, ಹೊರರೇಖೆಗಳನ್ನು ಕಲಿಯಲು ಎಲ್ಲಕ್ಕೂ ಇಂಟರ್‌ನೆಟ್ಟೇ ಬೇಕಾಗಿಲ್ಲ. ತೊಗಲುಗೊಂಬೆಯಾಟದಲ್ಲಿ ರಾಜ, ದೇವತೆಗಳ ಗೊಂಬೆ ದೊಡ್ಡದು, ಆಳುಕಾಳುಗಳದ್ದು ಚಿಕ್ಕದು. ನಗಿಸುವ ಗೊಂಬೆ ಕಿಳ್ಳೇಕ್ಯಾತ ಪರದೆಗೆ ಬಂದನೆಂದರೆ ಆ ಡೊಳ್ಳುಹೊಟ್ಟೆಗೇ ಜನ ನಗಲು ಶುರುಮಾಡುತ್ತಾರೆ, ಮಾತು ಆಮೇಲೆ. ತುಮಕೂರು ಕಡೆಯ ಜಾತ್ರೆಗಳಲ್ಲಿ ಸೋಮನ ಕುಣಿತ ನೋಡಿ: ಕೆಂಪು ಬಳಿದ ದೊಡ್ಡ ಮುಖ, ಅಷ್ಟೇ ದೊಡ್ಡ ಕಣ್ಣು, ದಪ್ಪ ಮೀಸೆ. ಸಾವಿರ ಜನರ ಹಿಂದೆ ನಿಂತ ಮಗುವಿಗೂ ಮುಖ ಓದಲು ಬರಬೇಕೆಂದು ಲೆಕ್ಕ ಹಾಕಿ ಮಾಡಿದ ಮುಖವಾಡ ಅದು, ಸಣ್ಣ ವಿವರ ಒಂದೂ ಇಲ್ಲ. ಅಲ್ಲಿ ನಿಂತು ಪೆನ್ಸಿಲಿನಲ್ಲಿ ಗೀಚಿಕೊಳ್ಳಿ. ಅದನ್ನು ಹಾಗೇ ತಂದು ಕಾರ್ಟೂನಿಗೆ ಅಂಟಿಸಬೇಡಿ. ಯಾವ ಗೆರೆಯನ್ನು ಏಕೆ ಬಿಟ್ಟಿದ್ದಾರೆ ಎಂಬುದನ್ನು ಮಾತ್ರ ಕಲಿಯಿರಿ.

ಉದ್ಯೋಗದ ಮಾತಿಗೆ ಬರುತ್ತೇನೆ. ನಮ್ಮ ದೇಶದ ಅನಿಮೇಷನ್ ಕೆಲಸ ಎರಡು ಬಗೆ. ಒಂದು ಸರ್ವಿಸ್ ಕೆಲಸ: ಹೊರದೇಶದ ಧಾರಾವಾಹಿಯ ಅನಿಮೇಷನ್ನನ್ನು ಇಲ್ಲಿ ಮಾಡಿಕೊಡುವುದು. ಅಲ್ಲಿ ಮುಖ್ಯ ಪಾತ್ರಗಳ ವಿನ್ಯಾಸ ಹೊರಗಿನಿಂದಲೇ ಬಂದಿರುತ್ತದೆ. ನಮ್ಮವರು ಉಪಪಾತ್ರ, ಕಂತಿಗೆ ತಕ್ಕ ವೇಷ, ವಿಶೇಷ ಭಂಗಿ, ಪಾತ್ರಗಳು ಬಳಸುವ ಸಾಮಾನು (ಪ್ರಾಪ್) ಬರೆಯುತ್ತಾರೆ. ಇನ್ನೊಂದು ಸ್ವಂತ ಧಾರಾವಾಹಿ. ಹೈದರಾಬಾದಿನ ಗ್ರೀನ್ ಗೋಲ್ಡ್ ಸ್ಟುಡಿಯೊದ ಛೋಟಾ ಭೀಮ್ 2008ರಲ್ಲಿ ಪೋಗೋ ವಾಹಿನಿಯಲ್ಲಿ ಆರಂಭವಾಗಿ ಗೆದ್ದ ಮೇಲೆ ಈ ಬಗೆ ಬೆಳೆಯಿತು. 2012ರಲ್ಲಿ ನಿಕ್ ವಾಹಿನಿಯ ಮೋಟು ಪತ್ಲು ಬಂತು. ಸ್ಟುಡಿಯೊಗಳು ಹೆಚ್ಚಾಗಿ ಮುಂಬೈ, ಹೈದರಾಬಾದ್, ಬೆಂಗಳೂರು, ಚೆನ್ನೈ, ತಿರುವನಂತಪುರದಲ್ಲಿವೆ. ಕರ್ನಾಟಕ ಸರ್ಕಾರ ಅನಿಮೇಷನ್, ಗೇಮಿಂಗ್ ಕ್ಷೇತ್ರಕ್ಕೆಂದು 2012ರಲ್ಲೇ ಪ್ರತ್ಯೇಕ ನೀತಿ ತಂದಿತು, ಈಗ 2024–29ರ ನೀತಿ ಜಾರಿಯಲ್ಲಿದೆ. ಇಷ್ಟಾದರೂ ಟಿ.ವಿ. ಒಂದನ್ನೇ ನೆಚ್ಚಿಕೊಳ್ಳಬೇಡಿ ಎನ್ನುವುದು ನನ್ನ ಸಲಹೆ. ಮೊಬೈಲ್ ಗೇಮ್, ಯೂಟ್ಯೂಬಿನ ಶಿಶುಗೀತೆ, ಪಠ್ಯಪುಸ್ತಕ, ಜಾಹೀರಾತು, ಎಲ್ಲದಕ್ಕೂ ಪಾತ್ರ ಬರೆಯುವವರು ಬೇಕು, ಮತ್ತು ಮಾಡೆಲ್ ಶೀಟ್ ಮಾಡಬಲ್ಲವರಿಗೆ ಅಲ್ಲೆಲ್ಲ ಕೆಲಸ ಸಿಗುತ್ತದೆ. ಧಾರಾವಾಹಿಯ ಕೆಲಸ ಪ್ರಾಜೆಕ್ಟಿಗೆ ಕಟ್ಟುಬಿದ್ದದ್ದು: ಒಂದು ಸೀಸನ್ ಮುಗಿದು ಇನ್ನೊಂದಕ್ಕೆ ಒಪ್ಪಿಗೆ ಬರುವವರೆಗೆ ಖಾಲಿ ಕೂರಬೇಕಾಗಬಹುದು. ಮೊದಲ ವರ್ಷಗಳ ಸಂಬಳದಲ್ಲಿ ಬೆಂಗಳೂರಿನ ಪಿ.ಜಿ. ಬಾಡಿಗೆ, ಊಟ, ಬಸ್ಸಿನ ಖರ್ಚು ಕಳೆದರೆ ಮನೆಗೆ ಕಳಿಸುವಷ್ಟು ಉಳಿಯುವುದಿಲ್ಲ ಎಂದು ತಂದೆಯವರಿಗೆ ಮುಂಚೆಯೇ ಹೇಳಿಬಿಡಿ.

ಕೃತಕ ಬುದ್ಧಿಮತ್ತೆಯ ಭಯವನ್ನು ನೀವು ಕೇಳಿಲ್ಲ, ಮನೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಒಂದು ನಿಮಿಷದಲ್ಲಿ ನೂರು ಅಜ್ಜಿಯರನ್ನು ಬರೆದುಕೊಡುವ ಯಂತ್ರಗಳು ಬಂದಿವೆ, ಮೊದಲ ಕಲ್ಪನೆಯ ಚಿತ್ರಗಳ ಕೆಲಸವನ್ನು ಅವು ಕಿತ್ತುಕೊಳ್ಳುತ್ತಿವೆ. ಆದರೆ ಒಬ್ಬಳೇ ಅಜ್ಜಿಯನ್ನು ಎಲ್ಲ ಮಗ್ಗುಲಿನಿಂದಲೂ ಗೆರೆ ಲೆಕ್ಕ ತಪ್ಪದಂತೆ, ರಿಗ್‌ಗೆ ಕತ್ತರಿಸಲು ಬರುವಂತೆ, ನಿರ್ದೇಶಕರು ‘ಇನ್ನೂ ಸ್ವಲ್ಪ ಜಗಳಗಂಟಿ ಆಗಲಿ’ ಎಂದಾಗ ಹುಬ್ಬಿನ ಒಂದು ಗೆರೆಯಲ್ಲಿ ತಿದ್ದಿಕೊಡುವುದಕ್ಕೆ ತಿಳಿದ ಕೈ ಬೇಕು. ಚೆಂದದ ಚಿತ್ರ ಬರೆಯುವುದಷ್ಟೇ ಗೊತ್ತಿದ್ದವರಿಗೆ ಕಷ್ಟವಿದೆ.

ಓದಿನ ವಿಷಯ. ಯಾವ ವಿಭಾಗದಲ್ಲಿ ಪಿಯುಸಿ ಮಾಡಿದ್ದರೂ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ, ಎಂದರೆ ಎನ್‌ಐಡಿಯ, ಪ್ರವೇಶ ಪರೀಕ್ಷೆಗೆ ಕೂರಬಹುದು. ಅಲ್ಲಿ ಅನಿಮೇಷನ್ ಒಂದು ವಿಷಯ. ಐಐಟಿಗಳ ಬಿ.ಡಿಸೈನ್ ಪದವಿಗೆ ಯುಸೀಡ್ ಪರೀಕ್ಷೆಯಿದೆ. ಎರಡಕ್ಕೂ ವಯೋಮಿತಿ ಇದೆ, ಎರಡರಲ್ಲೂ ಪೈಪೋಟಿ ಕಠಿಣ. ಎನ್‌ಐಡಿಯಲ್ಲಿ ಕೈಯಲ್ಲಿ ಚಿತ್ರ ಬರೆದು ತೋರಿಸಬೇಕಾಗುತ್ತದೆ, ಅದು ನಿಮಗೆ ಅನುಕೂಲ. ನನ್ನ ಒಲವು ಮಾತ್ರ ಬೆಂಗಳೂರಿನ ಚಿತ್ರಕಲಾ ಪರಿಷತ್ತು ಅಥವಾ ಮೈಸೂರಿನ ಕಾವಾದಂತಹ ಕಲಾ ಕಾಲೇಜಿನ ಚಿತ್ರಕಲೆಯ ಪದವಿಯ ಕಡೆಗೆ, ಏಕೆಂದರೆ ಅಲ್ಲಿ ಮನುಷ್ಯರನ್ನು ಎದುರಿಗೆ ಕೂರಿಸಿಕೊಂಡು ಬರೆಯುವ ಅಭ್ಯಾಸ ಕೈಗೆ ಕೂರುತ್ತದೆ. ಮೈಯ ಭಾರ ಯಾವ ಕಾಲಿನ ಮೇಲಿದೆ ಎಂದು ಕಾಣಲು ಕಲಿತವರು ತಂತ್ರಾಂಶವನ್ನು ಕೆಲವು ತಿಂಗಳಲ್ಲಿ ಕಲಿಯುತ್ತಾರೆ. ತಂತ್ರಾಂಶ ಮೊದಲು ಕಲಿತು ಆಮೇಲೆ ಮನುಷ್ಯನನ್ನು ಬರೆಯಲು ಕಲಿತವರನ್ನು ನಾನು ಹೆಚ್ಚು ಕಂಡಿಲ್ಲ.

ಒಂದು ವರ್ಷದ ಕೋರ್ಸಿನವರು ಕೊಡುವ ‘ಕೆಲಸ ಖಂಡಿತ’ ಎಂಬ ಭರವಸೆಯನ್ನು ಪಕ್ಕಕ್ಕಿಟ್ಟು ಅವರನ್ನು ಇಷ್ಟು ಕೇಳಿ: ಕಳೆದ ವರ್ಷ ಮುಗಿಸಿದವರ ಪೋರ್ಟ್‌ಫೋಲಿಯೊ, ಎಂದರೆ ಆಯ್ದ ಕೆಲಸಗಳ ಕಟ್ಟು, ತೋರಿಸುತ್ತೀರಾ? ಪಾಠ ಹೇಳುವವರು ಕೆಲಸ ಮಾಡಿದ ಧಾರಾವಾಹಿ ಯಾವುದು? ವಾರಕ್ಕೆ ಎಷ್ಟು ಗಂಟೆ ಚಿತ್ರಾಭ್ಯಾಸ? ನಡುವೆ ಬಿಟ್ಟರೆ ಶುಲ್ಕ ವಾಪಸು ಬರುತ್ತದೆಯೇ? ಉತ್ತರ ತಡವರಿಸಿದರೆ ಎದ್ದು ಬನ್ನಿ. ಸಾಲ ಮಾಡಿ ಅಂಥ ಕೋರ್ಸಿಗೆ ಸೇರುವುದನ್ನು ನಾನು ಒಪ್ಪುವುದಿಲ್ಲ. ಈಗ ನಿಮಗೆ ಬೇಕಾದದ್ದು ಪರದೆಯಿಲ್ಲದ ಒಂದು ಸಣ್ಣ ಪೆನ್ ಟ್ಯಾಬ್ಲೆಟ್ ಮತ್ತು ಸಾಧಾರಣ ಕಂಪ್ಯೂಟರ್. ಬಣ್ಣಕ್ಕೆ ಕ್ರಿಟಾ, ಚಲನೆಗೆ ಓಪನ್‌ಟೂನ್ಜ್ ಅಥವಾ ಬ್ಲೆಂಡರ್, ಮೂರೂ ಉಚಿತವಾಗಿ ಸಿಗುತ್ತವೆ. ಸ್ಟುಡಿಯೊಗಳಲ್ಲಿ ಟೂನ್ ಬೂಮ್ ಹಾರ್ಮನಿ, ಅಡೋಬಿ ಅನಿಮೇಟ್ ಬಳಕೆಯಲ್ಲಿವೆ; ಅವುಗಳನ್ನು ಸೇರಿದ ಮೇಲೆ ಕಲಿಯಬಹುದು.

ಪೋರ್ಟ್‌ಫೋಲಿಯೊ ಕಳಿಸುವಾಗ ಇಷ್ಟದ ಕಾರ್ಟೂನುಗಳ ನಕಲು ಚಿತ್ರಗಳನ್ನು ಸೇರಿಸಬೇಡಿ. ಹನ್ನೆರಡು, ಹದಿನೈದು ಪುಟ ಸಾಕು: ಒಂದೇ ಕತೆಯ ನಾಲ್ಕು ಪಾತ್ರಗಳನ್ನು ತೆಗೆದುಕೊಂಡು ಅವುಗಳ ಟರ್ನ್‌ಅರೌಂಡ್, ಮುಖಭಾವ, ಲೈನ್-ಅಪ್ ಎಲ್ಲವನ್ನೂ ಪೂರ್ತಿ ಮಾಡಿ. ಜೊತೆಗೆ ಬೀದಿಯಲ್ಲಿ, ಬಸ್ ನಿಲ್ದಾಣದಲ್ಲಿ, ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಬರೆದ ಗೀಚುಚಿತ್ರಗಳ ಎರಡು ಪುಟ ಇರಲಿ. ಹರಾಜಿನ ಹೊತ್ತಿನಲ್ಲಿ ನೂಲು ಬಿಚ್ಚುವ ರೀಲರುಗಳು ಗೂಡನ್ನು ಕೈಯಲ್ಲಿ ಹಿಡಿದು ಅಲುಗಿಸಿ ನೋಡುವ ಭಂಗಿ ಬೆಂಗಳೂರಿನ ಯಾವ ಹುಡುಗನ ಪುಟದಲ್ಲೂ ಇರುವುದಿಲ್ಲ. ಆಯ್ಕೆಗೆ ಮುನ್ನ ಸ್ಟುಡಿಯೊಗಳು ಟೆಸ್ಟ್ ಕೊಡುತ್ತವೆ. ಎರಡು ಮೂರು ದಿನದ ಟೆಸ್ಟ್ ಸಹಜ. ದುಡ್ಡಿಲ್ಲದೆ ಹತ್ತು ಪಾತ್ರ ಮಾಡಿಕೊಡಿ ಎಂದರೆ ಅದು ಟೆಸ್ಟ್ ಅಲ್ಲ, ಬಿಟ್ಟಿ ಕೆಲಸ.

ಊರಿನಲ್ಲಿದ್ದು ಮಾಡಬಹುದೇ ಎಂದಿರಿ. ಕೈ ಪಳಗಿದ ಮೇಲೆ ಖಂಡಿತ ಮಾಡಬಹುದು, ಫ್ರೀಲಾನ್ಸ್ ವಿನ್ಯಾಸಕರಲ್ಲಿ ಎಷ್ಟೋ ಮಂದಿ ಹಾಗೇ ಮಾಡುತ್ತಾರೆ. ಮೊದಲ ಎರಡು ಮೂರು ವರ್ಷ ಮಾತ್ರ ಸ್ಟುಡಿಯೊದಲ್ಲಿ ಕೂರಲೇಬೇಕು. ನೀವು ಬರೆದ ಪಾತ್ರದ ತೋಳು ಮೇಲೇಳುವುದಿಲ್ಲವೆಂದು ರಿಗ್ ಕಟ್ಟುವವರು ಬಂದು ನಿಮ್ಮ ಮೇಜಿನ ಮುಂದೆ ಗೊಣಗುತ್ತಾರಲ್ಲ, ಆ ಪಾಠ ಮನೆಯಲ್ಲಿ ಸಿಗುವುದಿಲ್ಲ.

ಕೊನೆಯ ಪ್ರಶ್ನೆ, ಪಾತ್ರ ಯಾರದು ಎಂಬುದು. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಸಂಬಳದ ನೌಕರಿಯಲ್ಲಿದ್ದುಕೊಂಡು ಆ ನೌಕರಿಯ ಭಾಗವಾಗಿ ಬರೆದದ್ದಕ್ಕೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಮೊದಲ ಒಡೆಯರು ನಿಮ್ಮ ಕಂಪನಿಯವರು. ಆ ಪಾತ್ರ ಮುಂದೆ ಶಾಲಾಚೀಲದ ಮೇಲೆ, ಬಿಸ್ಕತ್ತಿನ ಪೊಟ್ಟಣದ ಮೇಲೆ ಬಂದರೂ ನಿಮಗೆ ಪಾಲಿಲ್ಲ. ಆದರೂ 57ನೇ ಕಲಮು ಬರೆದವರಿಗೆ ಎರಡು ಹಕ್ಕುಗಳನ್ನು ಉಳಿಸುತ್ತದೆ: ಕೃತಿ ತನ್ನದೆಂದು ಹೇಳಿಕೊಳ್ಳುವುದು, ಹೆಸರಿಗೆ ಕುಂದು ಬರುವಂತೆ ಅದನ್ನು ವಿಕಾರಗೊಳಿಸಿದರೆ ಆಕ್ಷೇಪಿಸುವುದು. ಹೊರಗಿನಿಂದ ಕೆಲಸ ಮಾಡಿಕೊಡುವಾಗ ಎಲ್ಲವೂ ಒಪ್ಪಂದದ ಮಾತಿನ ಮೇಲೆ ನಿಂತಿದೆ. 19ನೇ ಕಲಮಿನಂತೆ ಹಕ್ಕಿನ ವರ್ಗಾವಣೆ ಲಿಖಿತವಾಗಿರಬೇಕು, ನಿಮ್ಮ ಸಹಿ ಇರಬೇಕು. ಅವಧಿ ನಮೂದಿಸದಿದ್ದರೆ ಐದು ವರ್ಷ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕಷ್ಟೇ ಎಂದು ಕಾಯ್ದೆ ಭಾವಿಸುತ್ತದೆ. ಆದ ಕಾರಣವೇ ಕಂಪನಿಗಳ ಕರಾರಿನಲ್ಲಿ ‘ಶಾಶ್ವತವಾಗಿ, ವಿಶ್ವದಾದ್ಯಂತ’ ಎಂಬ ಪದಗಳು ತಪ್ಪದೆ ಇರುತ್ತವೆ. ನೌಕರಿಗೆ ಸೇರುವ ಮುನ್ನ ಮನೆಯಲ್ಲಿ ಬರೆದಿದ್ದ ಪಾತ್ರಗಳಿದ್ದರೆ, ಅವುಗಳ ಪಟ್ಟಿ ಮಾಡಿ, ಅವು ಈ ಒಪ್ಪಂದದ ಹೊರಗಿವೆ ಎಂಬ ಒಂದು ಸಾಲನ್ನು ಕರಾರಿಗೆ ಸೇರಿಸಲು ಕೇಳಿ. ಅಜ್ಜಿಯನ್ನೂ ಹುಂಜವನ್ನೂ ಬರೆದ ಮೂಲ ಹಾಳೆಗಳನ್ನು ದಿನಾಂಕ ಹಾಕಿ ಎತ್ತಿಡಿ. ಸ್ಕ್ಯಾನ್ ಮಾಡಿದ ಪ್ರತಿಯನ್ನು ನಿಮ್ಮ ಮೇಲ್‌ಗೆ ನೀವೇ ಕಳಿಸಿಕೊಂಡು ಅಳಿಸದೆ ಬಿಡಿ.